ಮಂಚದ ಪಕ್ಕಕ್ಕೆ ಸೇರಿಸುವ ಬೆಡ್‌ಸೈಡ್ ಕ್ರಿಬ್: ಮೊದಲು ಏನು ನೋಡಬೇಕು?

ಎಂಟನೇ_ತಿಂಗಳು

ಎಲ್ಲರಿಗೂ ನಮಸ್ಕಾರ. ನಮಗೆ ಇದು ಮೊದಲ ಮಗು, ಹೆರಿಗೆಗೆ ಇನ್ನೇನು ಕೆಲವೇ ವಾರ ಬಾಕಿ. ಮಗು ನಿಮ್ಮ ಕೋಣೆಯಲ್ಲೇ ಇರಲಿ, ಆದರೆ ನಿಮ್ಮ ಹಾಸಿಗೆಯಲ್ಲಿ ಬೇಡ ಅಂತ ಡಾಕ್ಟರ್ ಹೇಳಿದ್ದಾರೆ. ಅದಕ್ಕೆ ಮಂಚಕ್ಕೆ ಸೇರಿಸಿ ಕಟ್ಟುವ ಬೆಡ್‌ಸೈಡ್ ಕ್ರಿಬ್, ಅಂದರೆ ಸುತ್ತ ಗೋಡೆ ಇರುವ ಮಗುವಿನ ಪುಟ್ಟ ಮಂಚ, ಹುಡುಕುತ್ತಿದ್ದೇವೆ. ಒಂದು ಪಕ್ಕದ ಗೋಡೆ ಕೆಳಗಿಳಿಯುತ್ತದಲ್ಲ, ಆ ಥರದ್ದು.

ನೋಡಿದಷ್ಟೂ ತಲೆ ಕೆಡುತ್ತಿದೆ. ಒಂದರಲ್ಲಿ ತಲೆಯ ಕಡೆ ಎತ್ತರ ಮಾಡಬಹುದು, ಇನ್ನೊಂದು ತೂಗುತ್ತದೆ, ಮತ್ತೊಂದಕ್ಕೆ ಚಕ್ರ ಇದೆ. ಕೆಲವು ಮರದ್ದು, ಕೆಲವು ಜಾಲರಿಯದ್ದು. ಎಲ್ಲದರ ಮೇಲೂ ‘ಅತ್ಯಂತ ಸುರಕ್ಷಿತ’ ಅಂತ ಬರೆದಿದೆ! ನಮ್ಮವರಿಗೆ ತೂಗುವುದೇ ಬೇಕಂತೆ. ನನಗೆ ಗಟ್ಟಿಮುಟ್ಟಾಗಿದ್ದರೆ ಸಾಕು. ಬಳಸಿದವರು ದಯವಿಟ್ಟು ಹೇಳಿ.

ಸ್ಕ್ರೂಡ್ರೈವರ್_ಅಪ್ಪ

ಮೊದಲು ನಿಮ್ಮ ಮಂಚ ನೋಡಿ. ತಮಾಷೆಗೆ ಹೇಳುತ್ತಿಲ್ಲ. ಕ್ರಿಬ್ ಆಮೇಲೆ ನೋಡಿದರಾಯಿತು.

ಈ ಥರದ ಕ್ರಿಬ್ ಒಂದೇ ವಸ್ತು ಅಂತ ಅಂದುಕೊಳ್ಳಬೇಡಿ. ಗೋಡೆ ಇಳಿಸಿದ ಕೂಡಲೇ ನಿಮ್ಮ ಹಾಸಿಗೆ ಕೂಡ ಅದರ ಒಂದು ಭಾಗ ಆಗಿಬಿಡುತ್ತದೆ. ಅಂಗಡಿಯಲ್ಲಿ ಕ್ರಿಬ್ಬನ್ನು ಎಷ್ಟೇ ಪರೀಕ್ಷೆ ಮಾಡಿರಲಿ, ನಿಮ್ಮ ಮಂಚದ ಜೊತೆ ಅದು ಹೇಗೆ ಕೂರುತ್ತದೆ ಅನ್ನುವುದನ್ನು ನಿಮ್ಮ ಕೋಣೆಯಲ್ಲೇ ನೋಡಬೇಕು. ಅಪಾಯ ಇರುವುದೂ ಅಲ್ಲೇ, ಎರಡರ ನಡುವಿನ ಸಂದಿನಲ್ಲಿ.

ಟೇಪ್ ತಗೊಂಡು ಇಷ್ಟು ಅಳೆಯಿರಿ. ನೆಲದಿಂದ ನಿಮ್ಮ ಹಾಸಿಗೆಯ ಮೇಲ್ಭಾಗಕ್ಕೆ ಎಷ್ಟು ಎತ್ತರ. ಮಂಚದ ಕೆಳಗೆ ಖಾಲಿ ಜಾಗ ಇದೆಯೋ, ಅಥವಾ ನೆಲದವರೆಗೂ ಮುಚ್ಚಿದ ಬಾಕ್ಸ್ ಮಂಚವೋ. ತುಂಬಾ ಕ್ರಿಬ್‌ಗಳ ಕಾಲು ಮಂಚದ ಅಡಿಗೆ ಹೋಗುವ ಹಾಗೆ ಮಾಡಿರುತ್ತಾರೆ, ಬಾಕ್ಸ್ ಮಂಚವಾದರೆ ಆ ಕಾಲು ತಡೆಯುತ್ತದೆ, ಕ್ರಿಬ್ ದೂರ ನಿಲ್ಲುತ್ತದೆ. ಇನ್ನೊಂದು, ಮಂಚದ ಮರದ ಚೌಕಟ್ಟು ಹಾಸಿಗೆಗಿಂತ ಆಚೆ ಚಾಚಿಕೊಂಡಿದೆಯಾ ನೋಡಿ. ಚೌಕಟ್ಟು ನಾಲ್ಕು ಸೆಂಟಿಮೀಟರ್ ಆಚೆ ಇದ್ದರೆ ಕ್ರಿಬ್ಬಿಗೂ ಹಾಸಿಗೆಗೂ ನಡುವೆ ಅಷ್ಟೇ ಸಂದು ಉಳಿಯುತ್ತದೆ. ಎಷ್ಟು ಒತ್ತಿದರೂ ಹೋಗುವುದಿಲ್ಲ.

ಅಮೆರಿಕದಲ್ಲಿ ಮಾರುವ ಇಂಥ ಕ್ರಿಬ್‌ಗಳ ಕೈಪಿಡಿಯಲ್ಲಿ ಸಂದು ಅರ್ಧ ಇಂಚು, ಅಂದರೆ 13 ಮಿಲಿಮೀಟರ್ ಮೀರಬಾರದು ಅಂತ ಬರೆದಿರುತ್ತಾರೆ. ನಾನಂತೂ ಸಂದೇ ಇರಬಾರದು ಅಂತ ಹೇಳುತ್ತೇನೆ.

ಇದನ್ನು ಖಾಲಿ ಮಂಚದಲ್ಲಿ ಅಳೆದರೆ ಪ್ರಯೋಜನ ಇಲ್ಲ. ಒಬ್ಬರು ಹಾಸಿಗೆಯ ಅಂಚಿನಲ್ಲಿ ಮಗ್ಗುಲಾಗಿ ಮಲಗಿ, ಹಾಲು ಕೊಡುವಾಗ ಮಾಡುವ ಹಾಗೆ ಮೊಣಕೈ ಊರಿ. ಇನ್ನೊಬ್ಬರು ಪಕ್ಕದಲ್ಲಿ ಕೂತು ಸಂದಿಗೆ ಬೆರಳು ಹಾಕಿ ನೋಡಿ. ಮೆತ್ತನೆಯ ಸ್ಪಂಜಿನ ಹಾಸಿಗೆಯಾದರೆ ಅಂಚು ಕುಸಿಯುತ್ತದೆ, ಮೊದಲು ಕಾಣದೇ ಇದ್ದ ಸಂದು ತೆರೆದುಕೊಳ್ಳುತ್ತದೆ. ರಾತ್ರಿಯೆಲ್ಲಾ ಇರುವುದು ಆ ಸಂದೇ.

ಇಬ್ಬರ_ಅಮ್ಮ

ಸ್ಕ್ರೂಡ್ರೈವರ್ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಪಟ್ಟಿಯ ವಿಷಯ ನಾನು ಸೇರಿಸುತ್ತೇನೆ. ಕ್ರಿಬ್ ಜೊತೆ ಎರಡು ಉದ್ದ ಪಟ್ಟಿ ಬರುತ್ತವೆ. ಅವನ್ನು ಮಂಚದ ಚೌಕಟ್ಟಿಗೆ ಸುತ್ತಿ ಬಕಲ್ ಹಾಕಿ ಬಿಗಿಯಬೇಕು. ಕೆಲವು ಮಾದರಿಗಳಲ್ಲಿ ಹಾಸಿಗೆಯ ಅಡಿಯಿಂದ ಆಚೆ ಬದಿಯವರೆಗೂ ಎಳೆದು ಕಟ್ಟಬೇಕು. ತುಂಬಾ ಜನ ಪಟ್ಟಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟಿರುತ್ತಾರೆ. ‘ಚಕ್ರಕ್ಕೆ ಲಾಕ್ ಹಾಕಿದ್ದೀವಲ್ಲ, ಸಾಕು’ ಅಂತಾರೆ. ಸಾಲಲ್ಲ. ನಯವಾದ ನೆಲದ ಮೇಲೆ ಲಾಕ್ ಹಾಕಿದ ಚಕ್ರವೂ ಜಾರುತ್ತದೆ.

ಕಟ್ಟಿದ ಮೇಲೆ ಮರೆತುಬಿಡುವ ಹಾಗೂ ಇಲ್ಲ. ಹಾಸಿಗೆ ಬಟ್ಟೆ ಬದಲಿಸುವಾಗ, ಕಸ ಗುಡಿಸುವಾಗ ಮಂಚ ಸ್ವಲ್ಪ ಅಲುಗಿದರೂ ಪಟ್ಟಿ ಸಡಿಲ ಆಗುತ್ತದೆ. ಪ್ರತಿ ರಾತ್ರಿ ಮಗುವನ್ನು ಮಲಗಿಸುವ ಮುಂಚೆ ಕ್ರಿಬ್ಬಿನ ಅಂಚು ಹಿಡಿದು ನಿಮ್ಮ ಕಡೆಯಿಂದ ಆಚೆಗೆ ಜೋರಾಗಿ ಒಮ್ಮೆ ತಳ್ಳಿ. ಅಲುಗಬಾರದು.

ಇನ್ನು ಅನುಕೂಲದ ಮಾತು. ಸಿಸೇರಿಯನ್ ಆದರೆ ಮೊದಲ ಕೆಲವು ವಾರ ಎದ್ದು ಬಗ್ಗಿ ಮಗುವನ್ನು ಎತ್ತುವುದು ಜೀವ ಹೋಗುವ ಕೆಲಸ. ಮಗು ಪಕ್ಕದಲ್ಲೇ ಇದ್ದರೆ ಅದೊಂದು ದೊಡ್ಡ ಉಪಕಾರ. ಆದರೆ ಗೋಡೆ ಇಳಿಸುವ ವಿಧಾನ ನೋಡಿ ತಗೊಳ್ಳಿ. ಎರಡೂ ಕಡೆ ಗುಂಡಿ ಒಟ್ಟಿಗೆ ಒತ್ತಬೇಕಾದದ್ದಾದರೆ ಕೈಯಲ್ಲಿ ಮಗು ಇಟ್ಟುಕೊಂಡು ಆಗುವುದಿಲ್ಲ. ಝಿಪ್ ಇರುವುದಾದರೆ ಅಂಗಡಿಯಲ್ಲೇ ಮೂರ್ನಾಲ್ಕು ಸಲ ಎಳೆದು ನೋಡಿ. ಕೆಲವು ಝಿಪ್ಪು ಎಳೆದರೆ ನಿದ್ದೆ ಮಾಡುವ ಮಗು ಬೆಚ್ಚಿ ಬೀಳುವಷ್ಟು ಸದ್ದು ಮಾಡುತ್ತವೆ.

ಎಂಟನೇ_ತಿಂಗಳು

ಅಯ್ಯೋ, ನಾವು ಮಂಚದ ಕಡೆ ತಿರುಗಿಯೂ ನೋಡಿರಲಿಲ್ಲ! ಇವತ್ತೇ ಅಳೆಯುತ್ತೇವೆ. ತಲೆಯ ಕಡೆ ಎತ್ತರಿಸುವ ಸೌಲಭ್ಯ ಇರುವುದು ಒಳ್ಳೆಯದಾ? ಹಾಲು ಕಕ್ಕುವ ಮಗುವಿಗೆ ಬೇಕು ಅಂತ ಬರೆದಿದ್ದಾರೆ.

ನರ್ಸ್_ಅಕ್ಕ

ಬೇಡ. ಮಗು ಮಲಗುವ ಜಾಗ ಸಮತಟ್ಟಾಗಿರಬೇಕು.

ಕಾರಣ ಹೇಳುತ್ತೇನೆ ಕೇಳಿ. ಹುಟ್ಟಿದ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ. ಕುತ್ತಿಗೆಗೆ ಅದನ್ನು ಹಿಡಿಯುವ ಶಕ್ತಿ ಇರಲ್ಲ. ಉಸಿರಿನ ನಳಿಕೆ ಕಿರಿದು, ಮೆತ್ತಗೆ. ಇಳಿಜಾರಿನಲ್ಲಿ ಮಲಗಿಸಿದರೆ ಮಗು ನಿಧಾನಕ್ಕೆ ಕೆಳಗೆ ಜಾರುತ್ತದೆ, ಗದ್ದ ಎದೆಗೆ ತಾಗುತ್ತದೆ, ನಳಿಕೆ ಮಡಚಿಕೊಳ್ಳುತ್ತದೆ. ಸದ್ದೇ ಆಗದೆ ಉಸಿರು ಕಟ್ಟಬಹುದು. ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2022ರಲ್ಲಿ ಹೊರಡಿಸಿದ ಸಲಹೆಯಲ್ಲಿ 10 ಡಿಗ್ರಿಗಿಂತ ಜಾಸ್ತಿ ಇಳಿಜಾರು ಇರುವ ಯಾವುದರಲ್ಲೂ ಮಗುವನ್ನು ನಿದ್ದೆಗೆ ಬಿಡಬೇಡಿ ಅಂತ ಹೇಳಿದೆ. ಅದೇ ವರ್ಷ ಅಲ್ಲಿ ಇಳಿಜಾರಿನ ಮಲಗುವ ಸಾಧನಗಳನ್ನೂ, ಕ್ರಿಬ್ಬಿನ ಒಳಸುತ್ತ ಕಟ್ಟುವ ಮೆತ್ತೆಗಳನ್ನೂ ನಿಷೇಧಿಸುವ ಕಾನೂನು ಬಂತು.

ಹಾಲು ಕಕ್ಕುವ ಮಗುವಿಗೂ ಇದೇ ನಿಯಮ. ಬೆನ್ನ ಮೇಲೆ ಮಲಗಿಸಿದರೆ ಕಕ್ಕಿದ್ದು ಶ್ವಾಸನಾಳಕ್ಕೆ ಹೋಗುತ್ತದೆ ಅಂತ ಹೆದರುತ್ತಾರೆ. ಬೆನ್ನ ಮೇಲೆ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಕಕ್ಕಿದ್ದು ಮೇಲಕ್ಕೆ ಹರಿಯಲ್ಲ. ಬೋರಲು ಮಲಗಿಸಿದರೇ ಆ ಭಯ ಜಾಸ್ತಿ. ಹಾಲು ಕುಡಿದ ಮೇಲೆ ಸ್ವಲ್ಪ ಹೊತ್ತು ಹೆಗಲ ಮೇಲೆ ನೇರವಾಗಿ ಎತ್ತಿಕೊಂಡು ಆಮೇಲೆ ಮಲಗಿಸಿ. ಕಕ್ಕುವುದು ತುಂಬಾ ಆದರೆ, ತೂಕ ಏರದಿದ್ದರೆ, ಡಾಕ್ಟರ ಹತ್ತಿರ ಹೋಗಿ. ಕ್ರಿಬ್ಬಿನ ಕಾಲು ಎತ್ತರಿಸಿ ವೈದ್ಯ ಮಾಡಬೇಡಿ.

ತಗೊಳ್ಳುವ ಕ್ರಿಬ್ಬಿನಲ್ಲಿ ಈ ಸೌಲಭ್ಯ ಇದ್ದೇ ಇದ್ದರೆ ಗಾಬರಿ ಬೇಡ, ಅದನ್ನು ಬಳಸಬೇಡಿ ಅಷ್ಟೇ. ಎರಡು ಕಾಲೂ ಒಂದೇ ಎತ್ತರದಲ್ಲಿ ಇವೆಯಾ ಅಂತ ಜೋಡಿಸುವಾಗ ನೋಡಿ. ಒಂದು ಕಡೆ ಒಂದು ಮೆಟ್ಟಿಲು ಹೆಚ್ಚುಕಡಿಮೆ ಆಗಿದ್ದರೆ ಕಣ್ಣಿಗೆ ಬೇಗ ಕಾಣಿಸಲ್ಲ.

ನಿದ್ದೆಯಿಲ್ಲದಪ್ಪ

ತೂಗುವ ಮಾದರಿ ಬೇಕು ಅನ್ನುವವರಿಗೆ ಒಂದು ಮಾತು. ತೂಗಿ ಮಲಗಿಸುವುದರಲ್ಲಿ ತಪ್ಪಿಲ್ಲ. ಆದರೆ ಮಲಗಿದ ಮೇಲೆ ಅಲುಗದ ಹಾಗೆ ಲಾಕ್ ಆಗಬೇಕು. ಲಾಕ್ ಆದಾಗ ಪೂರ್ತಿ ಸಮತಟ್ಟಾಗಿ ನಿಲ್ಲಬೇಕು. ನಾನು ನೋಡಿದ ಒಂದು ಮಾದರಿಯಲ್ಲಿ ಲಾಕ್ ಸರಿಯಾಗಿ ಕೂರುತ್ತಲೇ ಇರಲಿಲ್ಲ, ತೊಟ್ಟಿಲು ಒಂದು ಬದಿಗೆ ವಾಲಿ ನಿಲ್ಲುತ್ತಿತ್ತು. ವಾಲಿದರೆ ಮಗು ಆ ಬದಿಗೆ ಉರುಳಿ ಮೂಗು ಜಾಲರಿಗೆ ಒತ್ತಿಕೊಳ್ಳುತ್ತದೆ.

ಮತ್ತೆ, ತೂಗುವಾಗ ಅದನ್ನು ಮಂಚಕ್ಕೆ ಕಟ್ಟಲು ಬರಲ್ಲ. ಕಟ್ಟಿದರೆ ತೂಗಲು ಬರಲ್ಲ. ಎರಡಕ್ಕೂ ದುಡ್ಡು ಕೊಟ್ಟು ಒಂದನ್ನೇ ಬಳಸುತ್ತೀರಿ. ನಿಮ್ಮವರಿಗೆ ತಿಳಿಸಿಬಿಡಿ :)

ಅಜ್ಜಿ_ಮಾತು

ಮಕ್ಕಳೇ, ನಾನು ನಾಲ್ಕು ಮಕ್ಕಳನ್ನು ಮಗ್ಗುಲಲ್ಲೇ ಮಲಗಿಸಿಕೊಂಡು ಸಾಕಿದವಳು. ಟೇಪು, ಡಿಗ್ರಿ, ಮಿಲಿಮೀಟರ್ ಏನೂ ಗೊತ್ತಿರಲಿಲ್ಲ. ತಾಯಿಯ ಮೈ ಬಿಸಿ ಮಗುವಿಗೆ ಬೇಡವಾ? ಈಗಿನವರು ಸುಮ್ನೆ ಹೆದರಿಸುತ್ತಾರೆ ಅನಿಸುತ್ತದೆ.

ನರ್ಸ್_ಅಕ್ಕ

ಅಮ್ಮಾ, ಮೈ ಬಿಸಿ ಬೇಕೇ ಬೇಕು. ಎಚ್ಚರ ಇರುವಾಗ ಎಷ್ಟು ಬೇಕಾದರೂ ಎದೆಗೆ ಅವಚಿಕೊಳ್ಳಲಿ. ಮಾತು ಬರುವುದು ತಾಯಿಗೆ ನಿದ್ದೆ ಹತ್ತಿದ ಮೇಲೆ.

ನಾಲ್ಕು ಮಕ್ಕಳು ಚೆನ್ನಾಗಿ ಬೆಳೆದದ್ದು ಸಂತೋಷ. ಆದರೆ ಆರೋಗ್ಯವಾಗಿದ್ದ ಮಗು ಬೆಳಿಗ್ಗೆ ಏಳದೇ ಹೋದ ಮನೆಗಳೂ ಆಗ ಇದ್ದವು. ಯಾಕೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಮಕ್ಕಳನ್ನು ಬೆನ್ನ ಮೇಲೆ ಮಲಗಿಸಿ ಅಂತ ದೊಡ್ಡದಾಗಿ ಪ್ರಚಾರ ಶುರುವಾಯಿತು. ಅದಾದ ಮೇಲೆ ಅಂಥ ಸಾವು ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ಔಷಧಿ ಇಲ್ಲ, ಯಂತ್ರ ಇಲ್ಲ, ಮಲಗಿಸುವ ರೀತಿ ಬದಲಾಯಿತು ಅಷ್ಟೇ. ಎರಡರಿಂದ ನಾಲ್ಕು ತಿಂಗಳ ನಡುವೆ ಅಪಾಯ ಹೆಚ್ಚು, ಆರು ತಿಂಗಳು ಕಳೆದರೆ ತುಂಬಾ ಕಡಿಮೆ. ಅದಕ್ಕೇ ಕನಿಷ್ಠ ಮೊದಲ ಆರು ತಿಂಗಳು ಅದೇ ಕೋಣೆ, ಬೇರೆ ಹಾಸಿಗೆ ಅಂತ ಹೇಳುವುದು.

ಮಗ್ಗುಲು

ಅಜ್ಜಿಯ ಪರವಾಗಿ ನಾನೂ ಎರಡು ಮಾತು ಹೇಳುತ್ತೇನೆ. ನಿಯಮ ಸರಿ. ಆದರೆ ರಾತ್ರಿ ಮೂರು ಗಂಟೆಗೆ ಹಾಲು ಕೊಡುತ್ತಾ ಹಾಗೇ ನಿದ್ದೆ ಹೋಗದ ತಾಯಿ ಯಾರಿದ್ದಾರೆ? ‘ಜೊತೆಗೆ ಮಲಗಿಸಬೇಡಿ’ ಅಂತ ಹೆದರಿಸಿದರೆ ಹೆಂಗಸರು ಮಂಚ ಬಿಟ್ಟು ಸೋಫಾದಲ್ಲಿ ಕೂತು ಹಾಲು ಕೊಡುತ್ತಾರೆ. ಅಲ್ಲೇ ತೂಕಡಿಸುತ್ತಾರೆ.

ನರ್ಸ್_ಅಕ್ಕ

ಮಗ್ಗುಲು ಅವರೇ, ಇದನ್ನು ಎತ್ತಿದ್ದು ಒಳ್ಳೆಯದಾಯಿತು. ಸೋಫಾ, ಆರಾಮ ಕುರ್ಚಿ ಇವು ಎಲ್ಲಕ್ಕಿಂತ ಕೆಟ್ಟ ಜಾಗ. ಮಗು ಮೆತ್ತೆಯ ಸಂದಿಗೆ ಜಾರಿಬಿಡುತ್ತದೆ. ನಿದ್ದೆ ಬರಬಹುದು ಅನಿಸಿದರೆ ಸೋಫಾಗಿಂತ ಮಂಚದಲ್ಲೇ ಕೂತು ಹಾಲು ಕೊಡಿ. ದಿಂಬು, ಹೊದಿಕೆ ಮೊದಲೇ ದೂರ ಸರಿಸಿ. ಎಚ್ಚರ ಆದ ತಕ್ಷಣ ಮಗುವನ್ನು ಅದರ ಜಾಗಕ್ಕೆ ಮಲಗಿಸಿ. ಕ್ರಿಬ್ ಪಕ್ಕದಲ್ಲಿದ್ದರೆ ಈ ಕೊನೆಯ ಕೆಲಸ ಸಲೀಸು. ಬೆಡ್‌ಸೈಡ್ ಕ್ರಿಬ್ಬಿನ ನಿಜವಾದ ಲಾಭ ಅದೇ ಅಂತ ನನ್ನ ಲೆಕ್ಕ.

ಸಿಗರೇಟ್ ಸೇದುವವರು, ಕುಡಿದವರು, ನಿದ್ದೆ ಬರುವ ಮಾತ್ರೆ ತಗೊಂಡವರು ಇರುವ ಹಾಸಿಗೆಗೆ ಮಾತ್ರ ಮಗು ಯಾವ ಕಾರಣಕ್ಕೂ ಬರಬಾರದು. ತಿಂಗಳು ತುಂಬದೆ ಹುಟ್ಟಿದ ಮಗು, ತೂಕ ಕಡಿಮೆ ಇರುವ ಮಗುವಿಗೂ ಇದೇ ಮಾತು.

ಇನ್ನೊಂದು ಹೇಳಬೇಕು. ಮಂಚಕ್ಕೆ ಕಟ್ಟಿದ ಕ್ರಿಬ್ಬು, ಒಂದು ಕೈ ದೂರದಲ್ಲಿ ಬೇರೆಯಾಗಿ ನಿಂತ ಕ್ರಿಬ್ಬಿಗಿಂತ ಹೆಚ್ಚು ಸುರಕ್ಷಿತ ಅಂತ ತೋರಿಸುವಷ್ಟು ಸಂಶೋಧನೆ ಇಲ್ಲ. ಒಂದೇ ಕೋಣೆಯಲ್ಲಿ ಮಲಗಿಸುವುದರಿಂದ ಒಳ್ಳೆಯದು ಅನ್ನುವುದಕ್ಕೆ ಇದೆ. ಕಟ್ಟುವುದು ಅನುಕೂಲಕ್ಕೆ. ಕಟ್ಟಲು ಸರಿಹೋಗದಿದ್ದರೆ ಏನೋ ಕಳೆದುಕೊಂಡೆವು ಅಂತ ಅಂದುಕೊಳ್ಳಬೇಕಾಗಿಲ್ಲ.

ಬಡಗಿ_ಮನೆ

ಮರದ್ದಾ, ಜಾಲರಿಯದ್ದಾ ಅಂತ ಕೇಳಿದ್ದರು. ಎರಡೂ ಆಗುತ್ತದೆ. ಜಾಲರಿಯದ್ದರಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಮಂಚದಿಂದಲೇ ಮಗುವಿನ ಮುಖ ಕಾಣುತ್ತದೆ. ಜಾಲರಿ ಬಿಗಿಯಾಗಿರಬೇಕು, ಕಣ್ಣು ಸಣ್ಣದಿರಬೇಕು, ಕೆಳಗೆ ಹೊಲಿಗೆ ಬಿಟ್ಟಿರಬಾರದು. ಮುಷ್ಟಿಯಿಂದ ಒಳಗಿನಿಂದ ಒತ್ತಿ ನೋಡಿ, ಜೋಳಿಗೆಯ ಹಾಗೆ ಹೊರಕ್ಕೆ ಉಬ್ಬಿದರೆ ಬೇಡ. ಮಗು ಆ ಉಬ್ಬಿಗೆ ಉರುಳಿ ಹಾಸಿಗೆಗೂ ಜಾಲರಿಗೂ ನಡುವೆ ಸಿಕ್ಕಿಕೊಳ್ಳಬಹುದು.

ಮರದ್ದಾದರೆ ಕಂಬಿಗಳ ನಡುವಿನ ಜಾಗ 6 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ಅದಕ್ಕಿಂತ ಅಗಲ ಇದ್ದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳುತ್ತದೆ. ಅಂಗೈಯಿಂದ ಎಲ್ಲಾ ಅಂಚು ಸವರಿ ನೋಡಿ, ಸಿಬಿರು ಇದ್ದರೆ ತಿಳಿಯುತ್ತದೆ. ಬಣ್ಣದ ವಾಸನೆ ಇನ್ನೂ ಹೊಡೆಯುತ್ತಿದ್ದರೆ ಮಗು ಬರುವುದಕ್ಕೆ ಸಾಕಷ್ಟು ಮುಂಚೆಯೇ ಬಿಚ್ಚಿ ಗಾಳಿಗೆ ಇಡಿ.

ಕೆಲವರು ನನ್ನ ಹತ್ತಿರ ಹಳೆಯ ಕ್ರಿಬ್ ತಂದು ‘ಒಂದು ಪಕ್ಕ ಕತ್ತರಿಸಿಕೊಡಿ, ಮಂಚಕ್ಕೆ ಸೇರಿಸುತ್ತೇವೆ’ ಅಂತಾರೆ. ನಾನು ಮಾಡಿಕೊಡಲ್ಲ. ನಾಲ್ಕು ಗೋಡೆ ಸೇರಿ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಒಂದನ್ನು ತೆಗೆದರೆ ಉಳಿದ ಮೂರೂ ಅಲುಗುತ್ತವೆ. ಮೊಳೆ ಹೊಡೆದು ಬಿಗಿ ಮಾಡಿದರೂ ಕೆಲವೇ ದಿನಕ್ಕೆ ಮತ್ತೆ ಸಡಿಲ. ಕೆಲಸ ಹೋದರೂ ಪರವಾಗಿಲ್ಲ ಅಂತ ವಾಪಸ್ ಕಳಿಸುತ್ತೇನೆ.

ಅವಳಿಜವಳಿ

ನಮ್ಮದು ಅವಳಿ. ಇಬ್ಬರನ್ನೂ ಒಂದೇ ಕ್ರಿಬ್ಬಿನಲ್ಲಿ ಹಾಕಬಹುದು ಅಂತ ಅಂಗಡಿಯವರು ಹೇಳಿದ್ದರು. ನಮ್ಮ ಡಾಕ್ಟರ್ ಕಡ್ಡಾಯವಾಗಿ ಬೇಡ ಅಂದರು. ಒಬ್ಬೊಬ್ಬರಿಗೂ ಬೇರೆ ಬೇರೆ. ಮಂಚದ ಎರಡೂ ಬದಿಗೆ ಒಂದೊಂದು ಇಟ್ಟೆವು. ನಮ್ಮವರ ಬದಿಯ ಮಗು ಅವರ ಪಾಲು!

ಎಂಟನೇ_ತಿಂಗಳು

ಅಳೆದೆವು. ಬಾಕ್ಸ್ ಮಂಚ, ಕೆಳಗೆಲ್ಲಾ ಮುಚ್ಚಿದೆ. ಹಾಸಿಗೆಯ ಮೇಲ್ಭಾಗ ನೆಲದಿಂದ 56 ಸೆಂಟಿಮೀಟರ್. ಮರದ ಚೌಕಟ್ಟು ಹಾಸಿಗೆಗಿಂತ ಸುಮಾರು 5 ಸೆಂಟಿಮೀಟರ್ ಆಚೆ ಇದೆ. ಆ ಸಂದಿಗೆ ಟವೆಲ್ ಸುತ್ತಿ ತುಂಬಿದರೆ ಆಗಲ್ವಾ?

ಸ್ಕ್ರೂಡ್ರೈವರ್_ಅಪ್ಪ

ಟವೆಲ್ ಬೇಡವೇ ಬೇಡ. ಸುತ್ತಿದ ಟವೆಲ್, ದಿಂಬು, ಸ್ಪಂಜಿನ ತುಂಡು ಇವೆಲ್ಲಾ ಒತ್ತಿದರೆ ಒಳಗೆ ಹೋಗುತ್ತವೆ. ಮೇಲಿಂದ ನೋಡಿದರೆ ಸಂದು ಮುಚ್ಚಿದ ಹಾಗೆ ಕಾಣುತ್ತದೆ, ಮಗುವಿನ ಮುಖ ಬಿದ್ದರೆ ಮೆತ್ತಗೆ ತಗ್ಗುತ್ತದೆ. ಜೊತೆಗೆ ಟವೆಲ್ ತಾನೇ ಮಗುವಿನ ಮೂಗಿನ ಮೇಲೆ ಬರಬಹುದು.

ದೊಡ್ಡ ಹಾಸಿಗೆಯನ್ನೇ ಕ್ರಿಬ್ಬಿನ ಕಡೆ ಜರುಗಿಸಿ ಅಂತ ಕೆಲವರು ಹೇಳುತ್ತಾರೆ. ನಿಮ್ಮ ಚೌಕಟ್ಟಿನ ಅಂಚು ಹಾಸಿಗೆಯನ್ನು ಹಿಡಿದಿಟ್ಟಿದ್ದರೆ ಅದು ಜರುಗಲ್ಲ. ಜರುಗಿದರೂ ಇಬ್ಬರು ಹೊರಳಾಡುವಾಗ ವಾಪಸ್ ಬರುತ್ತದೆ. ನಿಮ್ಮ ಮಂಚಕ್ಕೆ ಗೋಡೆ ಇಳಿಸಿ ಕಟ್ಟುವ ಕ್ರಿಬ್ ಸರಿಹೋಗಲ್ಲ ಅಂತ ನನ್ನ ಅಭಿಪ್ರಾಯ. ಬೇಸರ ಮಾಡಿಕೊಳ್ಳಬೇಡಿ. ನಾಲ್ಕೂ ಗೋಡೆ ಎತ್ತಿ ತಾನಾಗೇ ನಿಲ್ಲುವ ಮಾದರಿ ತಗೊಳ್ಳಿ. ಮಂಚದ ಪಕ್ಕಕ್ಕೆ ಒಂದು ಕೈ ದೂರದಲ್ಲಿ ಇಡಿ. ಗೋಡೆ ಇಳಿಸುವ ಸೌಲಭ್ಯ ಇದ್ದರೆ ಹಾಲು ಕೊಡಲು ಎತ್ತಿಕೊಳ್ಳುವಾಗ ಮಾತ್ರ ಇಳಿಸಿ, ಮಗುವನ್ನು ವಾಪಸ್ ಮಲಗಿಸಿದ ತಕ್ಷಣ ಎತ್ತಿ. ನಾಳೆ ಮಂಚ ಬದಲಾದರೆ ಆಗ ಕಟ್ಟುವ ವಿಷಯ ನೋಡೋಣ.

ಬೇರೆಯವರಿಗೆ ಉಪಯೋಗ ಆಗಲಿ ಅಂತ ಎತ್ತರದ ವಿಷಯವನ್ನೂ ಬರೆಯುತ್ತೇನೆ. ಎರಡು ಹಾಸಿಗೆ ಒಂದೇ ಮಟ್ಟದಲ್ಲಿ, ನಡುವೆ ಏನೂ ಇಲ್ಲದೆ ಇರಬೇಕು ಅಂತ ತುಂಬಾ ಜನ ತಿಳಿದಿದ್ದಾರೆ. ಚಿತ್ರದಲ್ಲಿ ನೋಡಲು ಚೆಂದ. ಆದರೆ ಮಗು ಉರುಳಿದರೆ ನೇರ ನಿಮ್ಮ ಹೊದಿಕೆಯ ಅಡಿಗೆ. ಗೋಡೆ ಇಳಿಸಿದ ಮೇಲೂ ಮಗುವಿನ ಹಾಸಿಗೆಗಿಂತ ಸ್ವಲ್ಪ ಎತ್ತರಕ್ಕೆ ಒಂದು ಸಣ್ಣ ತಡೆ ಉಳಿಯುವ ಮಾದರಿಯೇ ಒಳ್ಳೆಯದು. ಆ ತಡೆಯ ಮೇಲಂಚು ನಿಮ್ಮ ಹಾಸಿಗೆಯ ಮಟ್ಟಕ್ಕೆ ಬರಬೇಕು. ಮಗುವಿನ ಹಾಸಿಗೆ ಅದಕ್ಕಿಂತ ಕೆಳಗೆ. ಯುರೋಪಿನ ಇಎನ್ 1130 ಅನ್ನುವ ಮಾನದಂಡದ 2019ರ ಆವೃತ್ತಿಯಲ್ಲಿ ಬೆಡ್‌ಸೈಡ್ ಕ್ರಿಬ್‌ಗಳೂ ಸೇರಿವೆ. ಪೆಟ್ಟಿಗೆ ಮೇಲೆ ಆ ಸಂಖ್ಯೆ ಇದ್ದರೆ ವರ್ಷವನ್ನೂ ಓದಿ.

ಇಬ್ಬರ_ಅಮ್ಮ

ಹಾಸಿಗೆ ಮಾತು ಯಾರೂ ಎತ್ತಲಿಲ್ಲ. ಕ್ರಿಬ್ ಜೊತೆ ಬರುವ ಹಾಸಿಗೆ ತೆಳ್ಳಗೆ, ಗಟ್ಟಿಯಾಗಿರುತ್ತದೆ. ಮನೆಗೆ ಬಂದವರೆಲ್ಲಾ ಮುಟ್ಟಿ ನೋಡಿ ‘ಪಾಪ, ಮಗುವಿಗೆ ಚುಚ್ಚುತ್ತದೆ’ ಅಂತಾರೆ. ಯಾರು ಏನೇ ಹೇಳಲಿ ಮೇಲೆ ಇನ್ನೊಂದು ಹಾಸಬೇಡಿ. ಮಗುವಿಗೆ ಗಟ್ಟಿ ಹಾಸಿಗೆಯೇ ಬೇಕು. ತಲೆ ಇಟ್ಟ ಕಡೆ ಗುಂಡಿ ಬೀಳಬಾರದು. ಮೇಲೆ ಇನ್ನೊಂದು ಹಾಕಿದರೆ ಅಂಚಿನಲ್ಲಿ ಸಂದು ಆಗುತ್ತದೆ, ಗೋಡೆಯ ಎತ್ತರವೂ ಕಡಿಮೆ ಆಗುತ್ತದೆ.

ಹಾಸಿಗೆ ಕ್ರಿಬ್ಬಿಗೆ ಸರಿಯಾಗಿ ಕೂರಬೇಕು. ಸುತ್ತ ಎಲ್ಲೂ ಎರಡು ಬೆರಳಿಗಿಂತ ಜಾಸ್ತಿ ಜಾಗ ಇರಬಾರದು. ಬಿಗಿಯಾಗಿ ಹಾಸಿದ ಒಂದು ಬಟ್ಟೆ, ಅಷ್ಟೇ. ದಿಂಬು, ಬೊಂಬೆ, ರಗ್ಗು, ಸುತ್ತ ಕಟ್ಟುವ ಮೆತ್ತೆ ಏನೂ ಬೇಡ. ಖಾಲಿ ಕ್ರಿಬ್ ನೋಡಲು ಬಣಗುಡುತ್ತದೆ, ನಿಜ. ಫೋಟೋ ತೆಗೆಯಲು ಚೆಂದ ಇರಲ್ಲ, ಬಿಡಿ.

ಚಳಿಯಾದರೆ ಹೊದಿಕೆಗೆ ಬದಲು ಮೈಗೆ ತೊಡಿಸುವ ಸ್ಲೀಪ್ ಸ್ಯಾಕ್ ಬಳಸಿ. ಒಳಗೆ ಭಾರ ತುಂಬಿ ಹೊಲಿದದ್ದು ಮಾತ್ರ ಬೇಡ, ಎದೆ ಒತ್ತುತ್ತದೆ. ಸೆಕೆ ಆಗಿದೆಯಾ ಅಂತ ನೋಡಲು ಕೈಕಾಲು ಮುಟ್ಟಬೇಡಿ, ಅವು ಹೇಗೂ ತಣ್ಣಗಿರುತ್ತವೆ. ಕುತ್ತಿಗೆ ಹಿಂದೆ ಬೆರಳು ಇಟ್ಟು ನೋಡಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಮಲಗುವಾಗ ತಲೆಗೆ ಟೋಪಿ ಬೇಡ.

ನಿದ್ದೆಯಿಲ್ಲದಪ್ಪ

ಯಾರೂ ಮೊದಲೇ ಹೇಳದ ಒಂದು ವಿಷಯ: ಸದ್ದು. ಹುಟ್ಟಿದ ಮಗು ನಿದ್ದೆಯಲ್ಲಿ ಗೊರಗುಟ್ಟುತ್ತದೆ, ಮುಲುಗುತ್ತದೆ, ಕಾಲು ಒದೆಯುತ್ತದೆ, ಒಂದೊಂದು ಸಲ ಕಣ್ಣು ಅರೆ ತೆರೆದು ಅಳುವ ಹಾಗೆ ಮುಖ ಮಾಡುತ್ತದೆ. ಅಷ್ಟಾದರೂ ನಿದ್ದೆಯಲ್ಲೇ ಇರುತ್ತದೆ. ಕಿವಿಯ ಪಕ್ಕದಲ್ಲಿ ಇದೆಲ್ಲಾ ನಡೆಯುವಾಗ ನಾವು ಗಾಬರಿಯಿಂದ ಎತ್ತಿಕೊಳ್ಳುತ್ತೇವೆ, ಮಗು ಪೂರ್ತಿ ಎದ್ದುಬಿಡುತ್ತದೆ. ಸ್ವಲ್ಪ ತಡೆದು ನೋಡಿ. ತುಂಬಾ ಸಲ ತಾನೇ ಸುಮ್ಮನಾಗುತ್ತದೆ. ಉಸಿರಾಟದ ಲಯವೂ ಹೆಚ್ಚುಕಡಿಮೆ ಆಗುತ್ತದೆ, ಕೆಲವು ಸೆಕೆಂಡು ನಿಂತು ಮತ್ತೆ ಬೇಗ ಬೇಗ ನಡೆಯುತ್ತದೆ.

ನರ್ಸ್_ಅಕ್ಕ

ಹೌದು, ಅದು ಸಾಮಾನ್ಯ. ತುಟಿ ನೀಲಿ ಆದರೆ, ಪ್ರತಿ ಉಸಿರಿಗೂ ನರಳಿದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆದರೆ, ಉಸಿರು ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತರೆ ಕಾಯಬೇಡಿ, ಆಸ್ಪತ್ರೆಗೆ ಓಡಿ.

ಎಂಟನೇ_ತಿಂಗಳು

ಎಲ್ಲಾ ಬರೆದುಕೊಂಡೆ. ಇನ್ನೆರಡು ಪ್ರಶ್ನೆ. ಪರಿಚಯದವರ ಹತ್ತಿರ ಬಳಸಿದ ಕ್ರಿಬ್ ಒಂದಿದೆ, ಕೊಡುತ್ತೇವೆ ಅಂತಿದ್ದಾರೆ. ತಗೊಳ್ಳಬಹುದಾ? ಮತ್ತೆ ಎಷ್ಟು ತಿಂಗಳು ಬರುತ್ತದೆ?

ಸ್ಕ್ರೂಡ್ರೈವರ್_ಅಪ್ಪ

ಮೊದಲನೆಯದು: ಕೈಪಿಡಿ, ಎಲ್ಲಾ ಸ್ಕ್ರೂ, ಅದರದ್ದೇ ಹಾಸಿಗೆ ಇದ್ದರೆ ತಗೊಳ್ಳಿ. ತಳದಲ್ಲಿ ಮಾದರಿ ಸಂಖ್ಯೆ, ತಯಾರಾದ ದಿನಾಂಕ ಇರುವ ಚೀಟಿ ಅಂಟಿಸಿರುತ್ತಾರೆ. ಆ ಸಂಖ್ಯೆ ಹಾಕಿ, ಕಂಪನಿ ಆ ಮಾದರಿಯನ್ನು ವಾಪಸ್ ಕರೆಸಿದೆಯಾ ಅಂತ ಹುಡುಕಿ. ಚೀಟಿ ಹರಿದು ಹೋಗಿದ್ದರೆ ನಾನಾದರೆ ಬೇಡ ಅಂತೀನಿ. ಕಳೆದುಹೋದ ಸ್ಕ್ರೂ ಬದಲು ಮನೆಯಲ್ಲಿದ್ದ ಇನ್ನೊಂದು ಹಾಕಿರುವುದು ಕಂಡರೂ ಬೇಡ. ಹಳೆಯ ದೊಡ್ಡ ಕ್ರಿಬ್‌ಗಳಲ್ಲಿ ಒಂದು ಪಕ್ಕ ಮೇಲೆ ಕೆಳಗೆ ಜಾರುವ ಮಾದರಿ ಇತ್ತು. ಬಿಡಿಭಾಗ ಸವೆದು ಆ ಪಕ್ಕ ಕಳಚಿ, ಮಕ್ಕಳು ಸಿಕ್ಕಿಕೊಂಡು ಸತ್ತ ಕಾರಣಕ್ಕೆ ಅಮೆರಿಕದಲ್ಲಿ 2011ರಿಂದ ಅವುಗಳ ಮಾರಾಟವೇ ನಿಂತಿದೆ. ಅದನ್ನೂ ಬೆಡ್‌ಸೈಡ್ ಕ್ರಿಬ್ ಅಂತ ಯಾರಾದರೂ ಕೊಟ್ಟರೆ ಎಚ್ಚರ.

ಎರಡನೆಯದು ನರ್ಸ್ ಅಕ್ಕ ಹೇಳಲಿ.

ನರ್ಸ್_ಅಕ್ಕ

ತಿಂಗಳು ಲೆಕ್ಕ ಹಾಕಬೇಡಿ, ಮಗುವನ್ನು ನೋಡಿ. ಉರುಳಲು ಶುರು ಮಾಡಿತು, ಕೈ ಊರಿ ಮೊಣಕಾಲ ಮೇಲೆ ಏಳಲು ನೋಡುತ್ತಿದೆ, ಅಂಚು ಹಿಡಿದು ಎಳೆಯುತ್ತಿದೆ ಅಂದರೆ ಅದರ ಕಾಲ ಮುಗಿಯಿತು. ಸಾಮಾನ್ಯವಾಗಿ ಐದಾರು ತಿಂಗಳಿಗೆ ಈ ಹಂತ ಬರುತ್ತದೆ, ಕೆಲವು ಮಕ್ಕಳು ಅದಕ್ಕೂ ಮುಂಚೆ. ತೂಕದ ಮಿತಿ ಕೈಪಿಡಿಯಲ್ಲಿ ಇರುತ್ತದೆ. ತುಂಬಾ ಮಾದರಿಗಳಲ್ಲಿ 9 ಕಿಲೋ, ಆದರೆ ನಿಮ್ಮದರಲ್ಲಿ ಏನಿದೆಯೋ ಅದೇ ಲೆಕ್ಕ. ತೂಕ, ಉರುಳುವುದು ಯಾವುದು ಮೊದಲು ಬರುತ್ತದೋ ಆಗ ನಿಲ್ಲಿಸಿ. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವುದನ್ನಂತೂ ಉರುಳುವ ಲಕ್ಷಣ ಕಂಡ ದಿನವೇ ಬಿಡಿ.

ಅಲ್ಪಕಾಲದ ವಸ್ತು ಅಂತ ಗೊತ್ತಿದ್ದು ತಗೊಳ್ಳಿ. ದೊಡ್ಡ ಕ್ರಿಬ್ ಕೊಳ್ಳುವುದು ಹೇಗೂ ಇದೆ, ಕೋಣೆಯಲ್ಲಿ ಜಾಗ ಇದೆ ಅಂದರೆ ಮೊದಲ ದಿನದಿಂದ ಅದನ್ನೇ ಮಂಚದ ಹತ್ತಿರ ಹಾಕಿಕೊಳ್ಳಬಹುದು.

ಎಂಟನೇ_ತಿಂಗಳು

ಹಾಗಾದರೆ ನಮ್ಮ ನಿರ್ಧಾರ ಹೀಗೆ: ಪರಿಚಯದವರದ್ದು ಬೇಡ, ಅದರ ಹಾಸಿಗೆ ಇಲಿ ಕಡಿದು ಬಿಸಾಡಿದ್ದಾರಂತೆ. ತೂಗುವುದೂ ಬೇಡ, ಅವರು ಒಪ್ಪಿದರು (ಗೊಣಗಿಕೊಂಡೇ). ಜಾಲರಿಯದ್ದು, ತಾನಾಗೇ ನಿಲ್ಲುವುದು, ಒಂದು ಪಕ್ಕ ಒಂದೇ ಕೈಯಲ್ಲಿ ಇಳಿಯುವುದು, ಒಂದು ನೋಡಿದ್ದೇವೆ. ನಾಳೆ ಅಂಗಡಿಗೆ ಹೋಗುತ್ತೇವೆ. ಜಾಲರಿ ಒತ್ತಿ ನೋಡುವುದು, ಗೋಡೆ ಎತ್ತಿದಾಗ ಟಕ್ ಅಂತ ಲಾಕ್ ಆಗುತ್ತದಾ ಕೇಳುವುದು, ಹಾಸಿಗೆಯ ಸುತ್ತ ಬೆರಳು ಹಾಕುವುದು. ಇನ್ನೇನಾದರೂ ಬಿಟ್ಟಿದ್ದೇನಾ?

ಬಡಗಿ_ಮನೆ

ಅಂಗಡಿಯಲ್ಲಿ ಜೋಡಿಸಿಟ್ಟಿರುವುದನ್ನು ಮೂಲೆ ಹಿಡಿದು ಅಲುಗಿಸಿ. ನೂರಾರು ಜನ ಮುಟ್ಟಿರುತ್ತಾರೆ. ಅದು ಇನ್ನೂ ಬಿಗಿ ಇದ್ದರೆ ಮನೆಯಲ್ಲೂ ಇರುತ್ತದೆ.

ಅವಳಿಜವಳಿ

ಇಡುವ ಜಾಗ ಈಗಲೇ ಗೊತ್ತು ಮಾಡಿ. ಕಿಟಕಿ ಪರದೆಯ ದಾರ, ಚಾರ್ಜರ್ ವೈರ್, ಮಾನಿಟರ್ ವೈರ್ ಯಾವುದೂ ಕ್ರಿಬ್ಬಿನಿಂದ ಒಂದು ಮೀಟರ್ ಒಳಗೆ ಇರಬಾರದು. ನಾವು ಪ್ಲಗ್ ಪಾಯಿಂಟ್ ನೋಡಿಕೊಂಡು ಮಂಚವನ್ನೇ ತಿರುಗಿಸಿ ಹಾಕಿದೆವು. ಇನ್ನೊಂದು ಪುಟ್ಟ ವಿಷಯ, ಹಾಸಿಗೆಗೆ ಹಾಕುವ ನೀರು ಇಳಿಯದ ಕವರ್ ಕ್ರಿಬ್ಬಿನ ಅಳತೆಯದ್ದೇ ಎರಡು ತಗೊಳ್ಳಿ. ಒಂದು ಒಗೆದು ಒಣಗುವುದರೊಳಗೆ ಇನ್ನೊಂದೂ ಒದ್ದೆ ಆಗಿರುತ್ತದೆ.

ಅಜ್ಜಿ_ಮಾತು

ಎಂಟನೇ ತಿಂಗಳಲ್ಲಿ ಅಂಗಡಿ ತುಂಬಾ ನಿಂತುಕೊಂಡು ಕ್ರಿಬ್ ಅಲುಗಿಸಬೇಡಮ್ಮ. ಅಲುಗಿಸುವ ಕೆಲಸ ನಿನ್ನ ಗಂಡನಿಗೆ ಬಿಡು, ನೀನು ಕೂತು ಹೇಳು.

ಎಂಟನೇ_ತಿಂಗಳು

ಹಾಗೇ ಮಾಡ್ತೀನಿ ಅಜ್ಜಿ. ಟೇಪ್ ಅವರ ಜೇಬಿಗೆ ಆಗಲೇ ಹಾಕಿದ್ದೀನಿ.